ಮೋಜಣಿದಾರರು ಎಂಜಿನ್ ಕೂರಿಸಿದ್ದು

"ಊರಿನ ಅರ್ಧ ಸೈಟುಗಳಿಗೆ ಗಡಿಕಲ್ಲು ನೆಡಿಸಿದವನು ನಾನು. ಒಂದು ಎಂಜಿನ್ ಕೂರಿಸೋಕೆ ನನಗೆ ಇನ್ನೊಬ್ಬರ ಸಲಹೆ ಬೇಕಾ? ಒಂದು ನೂಲು ಆಚೀಚೆ ಆದರೆ ಹೇಳು" ಎಂದು ಮೋಜಣಿದಾರರು ಭಾನುವಾರ ಬೆಳಿಗ್ಗೆ ಘೋಷಿಸಿದರು.

ಹೆಂಡತಿ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಸರಿಮಾಡುತ್ತಿದ್ದರು. ಸೂಜಿ ತೆಗೆದು, "ಸಂಜೆವರೆಗೆ ಟೈಮಿದೆ" ಎಂದಷ್ಟೇ ಹೇಳಿ ಮತ್ತೆ ಕಚ್ಚಿಕೊಂಡರು.

ಬಿಡಿಭಾಗ ತರಿಸಿ ಮನೆಯಲ್ಲೇ ಕೈಯಾರೆ ಕಾರು ಕಟ್ಟಬೇಕು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಬೇಕು ಎಂಬುದು ಮೋಜಣಿದಾರರ ಮೂರು ವರ್ಷದ ಆಸೆ. ಆಸೆಯಲ್ಲಿ ತಪ್ಪೇನಿರಲಿಲ್ಲ. ಆದರೆ ಅದು ಬಂದು ಠಿಕಾಣಿ ಹೂಡಿದ್ದು ಆಕೆ ಬಟ್ಟೆ ಹೊಲಿಯುತ್ತಿದ್ದ, ಬೀದಿಗೆ ಶಟರ್ ಇದ್ದ ಮುಂದಿನ ಕೋಣೆಯಲ್ಲಿ. ಹೊಲಿಗೆ ಯಂತ್ರ ಅಡುಗೆಮನೆ ಸೇರಿತು. ಅಳತೆ ಕೊಡಲು ಬಂದವರು ಒಲೆಯ ಪಕ್ಕ ಕೈ ಚಾಚಿ ನಿಲ್ಲಬೇಕಾಯಿತು. ಚಕ್ರ ಬಂತು, ಸ್ಟಿಯರಿಂಗ್ ಬಂತು, ಸೀಟು ಬಂತು. ಎಂಜಿನ್ ಮಾತ್ರ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಕೊನೆಗೆ ಆಕೆ ಗಡುವು ಕೊಟ್ಟರು. ಈ ಭಾನುವಾರ ಸಂಜೆಯೊಳಗೆ ಎಂಜಿನ್ ಕೂತು ಕಾರು ಬೀದಿಗಿಳಿಯಬೇಕು. ಇಲ್ಲವಾದರೆ ಸೋಮವಾರ ಗುಜರಿಯವನು ಬಂದು ಎಲ್ಲವನ್ನೂ ಹೊತ್ತೊಯ್ಯುತ್ತಾನೆ. ಅವನಿಗೆ ಹೇಳಿ ಕಳಿಸಿಯೂ ಆಗಿತ್ತು.

ಪಕ್ಕದ ಬೀದಿಯ ವೆಲ್ಡರ್ ಬಂದ. ಮೋಜಣಿದಾರರು ಚಾಸಿಯ ಮೂತಿಯಿಂದ ಬಾಲದವರೆಗೆ ದಾರ ಎಳೆದು ಕಟ್ಟಿದರು, ತೂಗುಗುಂಡು ಇಳಿಬಿಟ್ಟರು, ರಸಮಟ್ಟ ಇಟ್ಟರು. ಚೈನ್ ಪುಲ್ಲಿಯಿಂದ ಎಂಜಿನ್ನನ್ನು ಇಳಿಸಿ ನಟ್ಟನಡುವೆ ನಿಲ್ಲಿಸಿದರು.

ಬಾಗಿಲಲ್ಲಿ ನಿಂತ ಹೆಂಡತಿ, "ಕಚ್ಚಾ ಹಾಕಿ ನೋಡಿದ್ರಾ?" ಎಂದರು.

"ಏನು?"

"ನಾವು ಮೊದಲು ಉದ್ದುದ್ದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕ್ತೀವಿ. ತೊಡಿಸಿ ನೋಡಿ, ಆಮೇಲೆ ಮಷೀನ್ ಹೊಲಿಗೆ."

"ಇದು ಅಂಗಿ ಅಲ್ಲ ಕಣೆ, ಕಾರು" ಎಂದು ಮೋಜಣಿದಾರರು ಕರುಣೆಯಿಂದ ನಕ್ಕು, ವೆಲ್ಡರ್ ಕಡೆ ತಿರುಗಿ, "ಹೊಡಿ, ಪಕ್ಕಾ ಹೊಡಿ" ಎಂದರು.

ಎಂಜಿನ್ ಹೊರುವ ಬ್ರಾಕೆಟ್ಟುಗಳು ಚಾಸಿಗೆ ಬೆಸೆದುಕೊಂಡವು. ಸ್ಟಿಯರಿಂಗಿನ ಸರಳನ್ನು ತಂದು ಹೊಂದಿಸಹೋದರೆ, ಅದು ಹಾದುಹೋಗಬೇಕಾದ ಜಾಗದಲ್ಲೇ ಹೊಗೆಕೊಳವೆ ಬಾಗಿ ನಿಂತಿತ್ತು. ಬ್ರಾಕೆಟ್ ಕತ್ತರಿಸಿ ಎಂಜಿನ್ನನ್ನು ನಾಲ್ಕು ಇಂಚು ಹಿಂದಕ್ಕೆ ತಳ್ಳಿ ಮತ್ತೆ ಬೆಸೆದರು. ಸ್ಟಿಯರಿಂಗ್ ಸರಿಹೋಯಿತು. ಗೇರಿನ ಕೋಲು ಮಾತ್ರ ಸೀಟಿನ ಅಂಚಿನಲ್ಲಿ ಮೇಲೆದ್ದಿತು.

"ಗೇರ್ ಹಾಕೋವಾಗ ಎದ್ದು ನಿಂತ್ಕೋಬೇಕಾಗುತ್ತೆ ಸಾರ್" ಎಂದ ವೆಲ್ಡರ್.

ಮತ್ತೆ ಕತ್ತರಿಸಿ, ಈ ಸಲ ಸ್ವಲ್ಪ ಓರೆ ಮಾಡಿ ಮುಂದಕ್ಕೆ ತಂದು ಬೆಸೆದರು. ಫ್ಯಾನಿನ ರೆಕ್ಕೆ ರೇಡಿಯೇಟರನ್ನು ಕೆರೆಯತೊಡಗಿತು. ಊಟದ ಹೊತ್ತು ಮೀರಿತ್ತು. ವೆಲ್ಡರ್ ಕಣ್ಣಿನ ಮರೆ ಮೇಲೆತ್ತಿ ಸುಟ್ಟ ಕಬ್ಬಿಣವನ್ನು ಬೆರಳಿನಿಂದ ತಟ್ಟಿದ. "ಇನ್ನು ಒಂದೇ ಸಲ ಸಾರ್. ಅದಕ್ಕಿಂತ ಹೆಚ್ಚು ಈ ಚಾಸಿ ತಡ್ಕೊಳ್ಳಲ್ಲ."

ಮೋಜಣಿದಾರರು ಟೈರಿನ ಮೇಲೆ ಕುಕ್ಕರಿಸಿದರು. ಮೂರು ವರ್ಷ ತಿಕ್ಕಿ ತೀಡಿದ ಒಂದೊಂದು ಬೋಲ್ಟೂ ಗುಜರಿಯವನ ತಕ್ಕಡಿಯಲ್ಲಿ ಕಾಣಿಸಿತು. ಅಡುಗೆಮನೆಯ ಕಡೆ ತಿರುಗಿ, "ಏನೇ, ಸ್ವಲ್ಪ ಬಂದು ನೋಡ್ತೀಯಾ?" ಎಂದರು. ಮದುವೆಯಾದ ಮೇಲೆ ಅಳತೆಯ ವಿಷಯದಲ್ಲಿ ಅವರು ಹೀಗೆ ಕೇಳಿದ್ದು ಇದೇ ಮೊದಲು.

ಆಕೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ರೇಡಿಯೇಟರ್, ಸ್ಟಿಯರಿಂಗ್, ಗೇರಿನ ಕೋಲು, ಸೀಟು, ಎಲ್ಲವನ್ನೂ ಒಟ್ಟಿಗೆ ಇಡಿಸಿದರು. ಬ್ರಾಕೆಟ್ ಕತ್ತರಿಸಿ ಬಿಡಿಸಿದ ಎಂಜಿನ್ ಕೆಳಗೆ ಈಗ ಬರೀ ಮರದ ತುಂಡುಗಳು, ಸುತ್ತ ಹಗ್ಗ; ಬೆಸುಗೆ ಇಲ್ಲ.

"ಈಗ ಯಾರಾದರೂ ಒಳಗೆ ಕೂತು ನೋಡಬೇಕು" ಎಂದರು.

"ಚೈನ್ ಹಿಡಿಯೋಕೆ ನಾನೇ ಬೇಕು. ನೀನೇ ಕೂತ್ಕೋ" ಎಂದರು ಮೋಜಣಿದಾರರು.

ಆಕೆ ಕೂತರು. "ಎಡಕ್ಕೆ. ಇನ್ನೊಂದು ಬೆರಳು. ಸಾಕು. ಸ್ವಲ್ಪ ಹಿಂದೆ. ಸೀಟು ಮುಂದಕ್ಕೆ ತನ್ನಿ, ಕಾಲು ಎಟುಕಬೇಕಲ್ಲ." ಅರ್ಧ ಗಂಟೆಯಲ್ಲಿ ಯಾವುದೂ ಯಾವುದಕ್ಕೂ ತಾಗದ ಹಾಗಾಯಿತು. ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಆಕೆ ಗುರುತು ಹಾಕಿ ಇಳಿದರು. ಎಂಜಿನ್ ನಡುದಾರದಿಂದ ಎರಡು ಇಂಚು ಎಡಕ್ಕಿತ್ತು. ಅದನ್ನು ನೋಡಲಾರದೆ ಮೋಜಣಿದಾರರು ದಾರವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಆದರೆ ಸೋತ ಮುಖ ಎಷ್ಟು ಹೊತ್ತು ಇಟ್ಟುಕೊಂಡಾರು? ವೆಲ್ಡರ್ ಕಿಡಿ ಹಾರಿಸತೊಡಗಿದಂತೆ ಅವರ ದನಿ ಏರಿತು. "ಎಂಜಿನ್ ಒಂದೇ ಅಲ್ಲ, ಸೀಟಿನ ಕಾಲೂ ಬೆಸೆದುಬಿಡು. ಅಳತೆ ಪಕ್ಕಾ ಆಗಿದೆ. ಇನ್ನು ಯಾವುದೂ ಅಲುಗಾಡಬಾರದು."

ಐದು ಗಂಟೆಗೆ ಎಲ್ಲ ಮುಗಿಯಿತು. ಮೋಜಣಿದಾರರು ಕೈ ತೊಳೆದು, ತಲೆ ಬಾಚಿ, ಸ್ಟಿಯರಿಂಗ್ ಹಿಂದೆ ಕೂರಲು ಕಾಲಿಟ್ಟರು. ಕಾಲು ಹೋಯಿತು. ಹೊಟ್ಟೆ ಹೋಗಲಿಲ್ಲ. ಉಸಿರು ಬಿಗಿಹಿಡಿದು ಪ್ರಯತ್ನಿಸಿದರೆ ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ವೆಲ್ಡರ್ ಎಳೆದು ಬಿಡಿಸಿದ.

"ಇದು ಯಾರ ಅಳತೆ?" ಎಂದು ಏದುಸಿರು ಬಿಟ್ಟರು.

"ಕೂತಿದ್ದು ನಾನು. ನನ್ನದೇ ಅಳತೆ" ಎಂದರು ಹೆಂಡತಿ.

ಮೋಜಣಿದಾರರು ಸುತ್ತಿ ಬಂದು ಎಡಗಡೆ, ಪಕ್ಕದ ಸೀಟಿಗೆ ಹತ್ತಿದರು. ಅಲ್ಲಿ ಕಾಲಿಡುವ ಜಾಗಕ್ಕೆ ಎರಡು ಇಂಚು ಎಂಜಿನ್ನೇ ಬಂದು ಕೂತಿತ್ತು. ಮಂಡಿ ಗದ್ದಕ್ಕೆ ತಾಗಿತು. ಅಲ್ಲಿಂದಲೂ ವೆಲ್ಡರೇ ಇಳಿಸಬೇಕಾಯಿತು.

ಆಕೆ ಟೇಪು ತೆಗೆದಿಟ್ಟು, ಸ್ಟಿಯರಿಂಗ್ ಹಿಂದೆ ಹಗುರವಾಗಿ ಕೂತರು. ವೆಲ್ಡರ್ ಶಟರ್ ಎತ್ತಿದ. ಬೀದಿಯಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಆಗಲೇ ಸೇರಿದ್ದರು.

"ಅಕ್ಕಾ, ಹಾಗಾದರೆ ಸಾರ್ ಎಲ್ಲಿ?" ಎಂದ ವೆಲ್ಡರ್.

"ಹಿಂದೆ" ಎಂದರು ಆಕೆ, ಕನ್ನಡಿ ಸರಿಮಾಡಿಕೊಳ್ಳುತ್ತ. "ಇನ್ನೂ ಪೆಟ್ರೋಲ್ ಹಾಕಿಲ್ಲವಲ್ಲ. ಬೀದಿಗೆ ತಳ್ಳೋಕೆ ಒಬ್ಬರು ಬೇಕು."