ಪುಟ ೧೧೪ರ ಮೀನಿನ ಪಿರೋಗ್

ಇಂದ:
ಗ್ಲಫೀರಾ ಪರ್ಫ್ಯೋನೊವ್ನಾ, ವಯಸ್ಸು ಎಂಬತ್ತೆರಡು, ಓದು ಮೂರನೇ ತರಗತಿ, ಜೆರ್ಲಿಖಾ ಹಳ್ಳಿ, ವೊಲೊಗ್ದಾ ಸೀಮೆ.

ಗೆ:
ರಷ್ಯದ ಜನರ ಊಟ-ಬದುಕಿನ ಚರಿತ್ರೆ ಬರೆಸುತ್ತಿರುವ ವಿಭಾಗದ ಮುಖ್ಯಸ್ಥರು.

ವಿಷಯ: ಬರಗಾಲದಲ್ಲಿ ನಾನು ತಿಂದೆನೆಂದು ಬರೆದಿರುವ ಪಿರೋಗನ್ನು ಹೊಡೆದುಹಾಕುವ ಬಗ್ಗೆ.

ಉಲ್ಲೇಖ: ೧. ತಮ್ಮ ಪುಸ್ತಕದ ಅಚ್ಚಿಗೆ ಮುಂಚಿನ ಪ್ರತಿ. ೨. ಪಕ್ಕದ ಮನೆಯ ಕಪಿತೊಲಿನಾಳ ಬೈಗುಳ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಮ್ಮ ಇತಿಹಾಸಕಾರ್ತಿ ರಿಮ್ಮಾ ಸವೇಲ್ಯೆವ್ನಾ ಅವರು ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ದಯಮಾಡಿಸಿದ್ದರು. ಬಂದವರಿಗೆ ಬರಿ ಮೇಜು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಕಾರಣ, ಹಿಟ್ಟಿನ ಹೊದಿಕೆಯೊಳಗೆ ಮೀನು ತುಂಬಿದ ಪಿರೋಗ್ ಬೇಯಿಸಿ, ಉಪ್ಪಿನಲ್ಲಿಟ್ಟ ಅಣಬೆ, ಹುಳಿ ಎಲೆಕೋಸು ಎಲ್ಲ ಇಟ್ಟೆ.

೨. ಅವರು ಬಾಯಿತುಂಬ ಪಿರೋಗ್ ಇಟ್ಟುಕೊಂಡೇ ಕೇಳಿದರು: "ಅಜ್ಜಿ, ಯುದ್ಧ ಮುಗಿದ ಮಾರನೇ ವರ್ಷ ಬರ ಬಿತ್ತಲ್ಲ, ಆಗ ಏನು ತಿಂತಿದ್ರಿ?" ಉಣ್ಣುತ್ತಿರುವ ಅತಿಥಿಯ ಮುಂದೆ ಹಸಿವಿನ ಮಾತೆತ್ತಿದರೆ ತುತ್ತು ಇಳಿದೀತೆ? ಆದ್ದರಿಂದ, "ಇದನ್ನೇ ಕಣಮ್ಮ. ನಮಗೇನು ಕಮ್ಮಿ ಇತ್ತು? ಇನ್ನೊಂದು ತುಂಡು ಹಾಕ್ಕೋ" ಎಂದೆ. ಅವರು ತುಂಡನ್ನೂ ಹಾಕಿಕೊಂಡರು, ಮಾತನ್ನೂ ಬರೆದುಕೊಂಡರು.

೩. ಪುಸ್ತಕದ ಪ್ರತಿ ಅಂಚೆಯಲ್ಲಿ ಬಂತು. ಅಚ್ಚಿನ ಸಣ್ಣ ಅಕ್ಷರ ನನ್ನ ಕಣ್ಣಿಗೆ ಕಾಣದ ಕಾರಣ ಕಪಿತೊಲಿನಾ ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು, ಪುಟ ೧೧೪ರಲ್ಲಿ "ಈ ಹಳ್ಳಿಗೆ ಬರ ತಟ್ಟಲಿಲ್ಲ" ಎಂಬಲ್ಲಿ ನಿಂತಳು.

"ಏನೇ ಗ್ಲಫೀರಾ, ನಮ್ಮಮ್ಮ ಕೊಟ್ಟ ಆಲೂಗಡ್ಡೆ ಸಿಪ್ಪೆ ನಿನ್ನ ಹೊಟ್ಟೇಲಿ ಮೀನಾಯ್ತಾ?"

"ಅವರು ಊಟ ಮಾಡ್ತಿದ್ರು ಕಣೆ..."

"ಊಟ ಆದ್ಮೇಲೆ ಹೇಳೋಕೆ ನಾಲಿಗೆ ಇರ್ಲಿಲ್ವಾ?"

ಇತ್ತು, ಆಡಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಎಪ್ಪತ್ತೈದು ವರ್ಷದಲ್ಲಿ ಇದೇ ಮೊದಲು.

೪. ನಿಜ ಸಂಗತಿ: ಅವಳ ತಾಯಿ ಉಸ್ತಿನ್ಯಾ ಸಾಮೂಹಿಕ ಬೇಸಾಯದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ಸಿಪ್ಪೆ ಹಂದಿಗಳಿಗೆ ಸೇರಿದ್ದು, ಮುಟ್ಟಿದವರಿಗೆ ಜೈಲು. ಅವಳು ಅದನ್ನು ಉಣ್ಣೆಯ ಬೂಟಿನೊಳಗೆ ಅಡಗಿಸಿ ತಂದು, ಅರೆದು ರೊಟ್ಟಿ ತಟ್ಟಿ, ಅರ್ಧ ಮಗಳಿಗೆ, ಅರ್ಧ ನನಗೆ ಕೊಡುತ್ತಿದ್ದಳು. ರೊಟ್ಟಿ ಬೂಟಿನ ವಾಸನೆ ಹೊಡೆಯುತ್ತಿತ್ತು. ಆ ಬಗ್ಗೆ ನನ್ನ ತಕರಾರಿಲ್ಲ. ಉಸ್ತಿನ್ಯಾ ತಿಂದದ್ದನ್ನು ನಾನು ನೋಡಿಲ್ಲ.

ಆದ್ದರಿಂದ ಸದರಿ ಪಿರೋಗನ್ನು ರದ್ದುಪಡಿಸಿ, ಅದೇ ಜಾಗದಲ್ಲಿ ಉಸ್ತಿನ್ಯಾಳ ಹೆಸರನ್ನೂ ಸಿಪ್ಪೆಯನ್ನೂ ನಮೂದಿಸಬೇಕಾಗಿ ಪ್ರಾರ್ಥನೆ. ಒಬ್ಬರಿಗಷ್ಟೇ ಜಾಗವಿದ್ದಲ್ಲಿ ನನ್ನ ಹೆಸರು ತೆಗೆಯಬಹುದು.

ತಮ್ಮ ವಿಶ್ವಾಸಿ,
ಗ್ಲಫೀರಾ

ಲಗತ್ತು: ಸಿಪ್ಪೆಯ ರೊಟ್ಟಿ, ಒಂದು. ತಿಂದು ಪರಿಶೀಲಿಸುವುದು. ನೀರು ಹತ್ತಿರವಿರಲಿ.

ವಿ.ಸೂ.: ತಿದ್ದಿದ ಪುಟವನ್ನು ಕಪಿತೊಲಿನಾಳ ವಿಳಾಸಕ್ಕೆ ಕಳುಹಿಸತಕ್ಕದ್ದು. ಓದಿ ಹೇಳಲಿಕ್ಕಾದರೂ ಅವಳು ನಮ್ಮ ಮನೆಗೆ ಬರಬೇಕಾಗುತ್ತದೆ. ನಾನು ಬಾಗಿಲಿಗೆ ಚಿಲಕ ಹಾಕುತ್ತಿಲ್ಲ. ಹೊರಗೆ ಹಿಮ ಶುರುವಾಗಿರುವ ಕಾರಣ, ಆದಷ್ಟು ಬೇಗ ಇತ್ಯರ್ಥಪಡಿಸಬೇಕಾಗಿ ವಿನಂತಿ.