ಕಿರೀಟದಿಂದ ಸವೆದ ಕುತ್ತಿಗೆ

ಓದುಗ ಮಹಾಶಯರೇ, ಬಹಳ ಹಿಂದೆ, ಪತ್ರಿಕೆಗಳಿಲ್ಲದಿದ್ದರೂ ಪತ್ರಿಕಾಗೋಷ್ಠಿಗಳು ನಡೆಯುತ್ತಿದ್ದ ಕಾಲದಲ್ಲಿ, ಉದ್ದಂಡಪುರವೆಂಬ ರಾಜ್ಯವಿತ್ತು. ಅದರ ಅಧಿಪತಿ ಗಂಭೀರಪಾಲ ಮಹಾರಾಜರಿಗೆ ಎಲ್ಲವೂ ಇತ್ತು, ಮುತ್ತಾತನೊಬ್ಬನನ್ನು ಬಿಟ್ಟು. ನೆರೆಯ ರಾಜರೆಲ್ಲ ಸೂರ್ಯನಿಂದಲೋ ಚಂದ್ರನಿಂದಲೋ ಇಳಿದವರು. ನಮ್ಮವರ ವಂಶಾವಳಿ ತಾತನವರೆಗೆ ಹೋಗಿ ಅಲ್ಲಿ ನೆಟ್‌ವರ್ಕ್ ಕಳೆದುಕೊಳ್ಳುತ್ತಿತ್ತು.

ಹೀಗಿರಲು ಕುಂಬಾರಗೇರಿಯವರು ಮಣ್ಣು ತೆಗೆಯುವಾಗ ಕಲ್ಲುಚಪ್ಪಡಿಯ ಕೆಳಗೆ ಹಳೆಯ ಸಮಾಧಿಯೊಂದು ಸಿಕ್ಕಿತು. ಒಳಗೆ ಮೊಣಕಾಲು ಮಡಚಿ ಮಲಗಿಸಿದ ಅಸ್ಥಿಪಂಜರ, ಪಕ್ಕದಲ್ಲಿ ಬಟ್ಟಲು, ಕುಡುಗೋಲು. ರಾಜವಂಶದ ಮೂಲಪುರುಷ ದೊರೆತನೆಂದು ಅರಮನೆ ಅಂದೇ ಸಾರಿತು. ಸ್ಮಾರಕಕ್ಕಾಗಿ ಕೇರಿಯ ನಲವತ್ತು ಮನೆ ತೆರವಾಗಬೇಕೆಂಬ ನೋಟಿಸೂ ಅಂಟಿತು. ಮೂಳೆ ಪರೀಕ್ಷೆ ಮರುದಿನಕ್ಕೆ ನಿಗದಿಯಾಯಿತು.

ಅಸ್ಥಿಪರೀಕ್ಷಕಿ ನಾಗಲಾಂಬಿಕೆ ಕುಂಚದಿಂದ ಮಣ್ಣು ಸರಿಸಿ ಮೂರು ದಿನ ನೋಡಿದಳು. ಕೇರಿಯ ಹಿರಿಯಳು ಸಿದ್ದಾಜಮ್ಮ ಮೂರು ದಿನವೂ ಮಜ್ಜಿಗೆ ತಂದುಕೊಟ್ಟು, ಏನೂ ಕೇಳದೆ ಅಲ್ಲೇ ಕೂತಿದ್ದಳು.

ಸಭೆಯಲ್ಲಿ ನಾಗಲಾಂಬಿಕೆ ಇದ್ದದ್ದನ್ನು ಹೇಳಿದಳು. ಸೊಂಟದ ಮೂಳೆಯ ಪ್ರಕಾರ ಇದು ಹೆಂಗಸು, ವಯಸ್ಸು ನಲವತ್ತರ ಹತ್ತಿರ. ಕುತ್ತಿಗೆಯ ಮೂಳೆಗಳು ಸವೆದಿವೆ. ಬದುಕಿಡೀ ತಲೆಯ ಮೇಲೆ ಹೊರೆ ಹೊತ್ತು ದುಡಿದವಳು. ರಾಜವಂಶದ ಗುರುತಿಲ್ಲ, ಮನೆ ಕೆಡವುವ ಕಾರಣವೂ ಇಲ್ಲ.

ಮಹಾಮಂತ್ರಿ ವಾಚಾಳಯ್ಯ ಎದ್ದರು.

"ತಾಯಿ, ಹೊತ್ತದ್ದು ಸೌದೆ ಅಂತ ಮೂಳೆ ಹೇಳಿತಾ? ಎಂಟು ಸೇರಿನ ಕಿರೀಟ ಯಾಕಾಗಬಾರದು?"

ಮಹಾರಾಜರು ತಮ್ಮ ಕುತ್ತಿಗೆ ಮುಟ್ಟಿಕೊಂಡರು. "ಹೌದ್ರೀ. ನನಗೂ ಬೆಳಗ್ಗೆಯಿಂದ ನೋವು."

"ಮತ್ತೆ ಈ ಕುಡುಗೋಲು?" ಎಂದಳು ನಾಗಲಾಂಬಿಕೆ.

"ಖಡ್ಗ," ಎಂದರು ಮಂತ್ರಿಗಳು. "ವಯಸ್ಸಾಗಿ ಬಾಗಿದೆ."

ಮೂಲಪುರುಷ ಹೆಂಗಸಾದದ್ದು ಮಹಿಳಾ ಸಬಲೀಕರಣವೆಂದು ಠರಾವಾಯಿತು. ಆಸ್ಥಾನವೈದ್ಯರು ಮಹಾರಾಜರ ಕುತ್ತಿಗೆ ಒತ್ತಿ ನೋಡಿ, ವಂಶಸಾಮ್ಯ ಶೇಕಡಾ ನೂರೆಂದು ಪ್ರಮಾಣಪತ್ರ ಕೊಟ್ಟರು. ಮೂಳೆಗಳಿಗೆ ಚಿನ್ನದ ಪೆಟ್ಟಿಗೆ ಬಂತು, ತಲೆಬುರುಡೆಗೆ ಕಿರೀಟ. ನಾಗಲಾಂಬಿಕೆಯ ವರದಿಯನ್ನೂ ಸಕಲ ಗೌರವಗಳೊಂದಿಗೆ ಅದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಯಿತು.

ಕೇರಿಯವರಿಗೆ ಬದಲಿ ನಿವೇಶನ ಸಿಕ್ಕಿತು, ಹಳ್ಳದಾಚೆಯ ಸ್ಮಶಾನದಲ್ಲಿ. ಜೊತೆಗೆ ಉದ್ಯೋಗಭಾಗ್ಯ: ಸ್ಮಾರಕಕ್ಕೆ ಕಲ್ಲು ಹೊರುವುದು.

ಒಂದು ಮಧ್ಯಾಹ್ನ ಸಿದ್ದಾಜಮ್ಮ ತಲೆಯ ಮೇಲಿನ ಕಲ್ಲನ್ನು ಇಳಿಸದೆಯೇ ನಾಗಲಾಂಬಿಕೆಯ ಎದುರು ನಿಂತಳು.

"ಅಮ್ಮಾವ್ರೇ, ನಮ್ಮನ್ನ ಹೂಳುವಾಗ ಪಕ್ಕದಲ್ಲಿ ಬಟ್ಟಲು-ಗಿಟ್ಟಲು ಬ್ಯಾಡ. ಹೊತ್ತಿದ್ದು ಕಿರೀಟ ಅಲ್ಲ, ಕಲ್ಲು ಅಂತ ಒಂದು ಬರಹ ಇಡ್ಸಿ. ಇಲ್ದಿದ್ರೆ ಇನ್ಯಾವ ದೊರೆನೋ ಬಂದು ನಮ್ಮನ್ನ ಅಜ್ಜಿ ಮಾಡ್ಕೊಂಡು, ನಮ್ಮ ಮೊಮ್ಮಕ್ಕಳ ಮನೆ ಕೆಡವ್ತಾನೆ."