ತಂಗಿಯ ಕಾರಿಗೆ ನನ್ನ ರೆಕ್ಕೆ

ಗಾಳಿ ಎಂದರೆ ನನಗಾಗುವುದಿಲ್ಲ. ಗದಗಿನವನಾಗಿ ಹೀಗೆ ಹೇಳಬಾರದು, ಗೊತ್ತು. ಪರವೂರಿನ ನೆಂಟರನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ‘ಹೆಂಗೈತ್ರಿ ನಮ್ಮೂರ ಗಾಳಿ?’ ಎಂದು ತಾವೇ ಬೀಸಿದವರ ಹಾಗೆ ಕೇಳುವ ಊರು ಇದು. ಆದರೆ ಬೆಟಗೇರಿಯಲ್ಲಿ ಗಾದಿ ಅಂಗಡಿ ಇಟ್ಟುಕೊಂಡು ದಿನವೂ ಹತ್ತಿ ಹಿಂಜುವವನ ಕಷ್ಟವೇ ಬೇರೆ. ಬಾಗಿಲು ಒಂದಿಷ್ಟು ಸರಿದಿದ್ದರೂ ಸಾಕು, ಗಿರಾಕಿಯ ಗಾದಿಯೊಳಗೆ ಹೋಗಬೇಕಾದ ಹತ್ತಿ ಎದುರಿನ ಖಾನಾವಳಿಯ ಸಾರಿನೊಳಗೆ ಹೋಗಿ ಕೂರುತ್ತದೆ. ಖಾನಾವಳಿಯವರು ಆ ಪಾತ್ರೆಯನ್ನು ಹಿಡಿದುಕೊಂಡೇ ಜಗಳಕ್ಕೆ ಬರುತ್ತಾರೆ. ಹೀಗಾಗಿ ಕಡುಬೇಸಿಗೆಯಲ್ಲೂ ನನ್ನ ಅಂಗಡಿಯಲ್ಲಿ ಫ್ಯಾನು ತಿರುಗುವುದಿಲ್ಲ. ಗಿರಾಕಿಗಳು ಬೆವರುತ್ತಲೇ ಚೌಕಾಸಿ ಮಾಡುತ್ತಾರೆ, ತಡೆಯಲಾರದೆ ಬೇಗ ಮುಗಿಸುತ್ತಾರೆ. ನನಗೆ ಅದೊಂದೇ ಲಾಭ.

ಅಂಗಡಿಗೆ ಹೊಂದಿಕೊಂಡ ನಮ್ಮ ಮನೆಯಲ್ಲಿ, ಇದೇ ಹತ್ತಿಯ ನಡುವೆ ಬೆಳೆದವಳು ನನ್ನ ತಂಗಿ ಮಮತಾಜ. ಚಿಕ್ಕಂದಿನಲ್ಲಿ ಹತ್ತಿ ಹಾರಿದರೆ ನಾನು ಬಾಗಿಲು ಹಾಕಲು ಓಡುತ್ತಿದ್ದೆ. ಅವಳು ಅದು ಎತ್ತ ಹೋಗುತ್ತದೆ, ಎಲ್ಲಿ ತಿರುಗುತ್ತದೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತ ನಿಲ್ಲುತ್ತಿದ್ದಳು. ಗದಗ ಬೇರೆ ಜಿಲ್ಲೆಯಾಗಿ, ಲೈಸೆನ್ಸಿಗೆಂದು ಧಾರವಾಡಕ್ಕೆ ಅಲೆಯುವುದು ತಪ್ಪಿದ ಮೇಲೆ ಆಕೆ ಡ್ರೈವಿಂಗ್ ಸ್ಕೂಲ್ ತೆರೆದಳು. ಈಗ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಹೆಣ್ಣುಮಕ್ಕಳೂ ಕಲಿತರೆ ಅವಳ ಹತ್ತಿರವೇ ಕಲಿಯಬೇಕು ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಒಂದೇ ಮಾತು: ‘ನಿಧಾನ ಅಕ್ಕಾರ, ನಿಧಾನ.’ ವರ್ಷವಿಡೀ ಹೀಗೆ ಆಮೆಯ ನಡಿಗೆ ಕಲಿಸುವವಳು ವರ್ಷಕ್ಕೊಮ್ಮೆ ಎಲ್ ಬೋರ್ಡು ಕಿತ್ತಿಟ್ಟು, ಅದೇ ಹಳೆಯ ಸಣ್ಣ ಕಾರನ್ನು ತೆಗೆದುಕೊಂಡು ತಮಿಳುನಾಡಿನ ಕಡೆಯ ಒಂದು ರೇಸ್ ಟ್ರ್ಯಾಕಿಗೆ ಹೋಗಿ, ಕಟ್ಟಿಟ್ಟ ವೇಗವನ್ನೆಲ್ಲ ಬಿಚ್ಚಿ ಬರುತ್ತಾಳೆ. ನಾನಾದರೋ ನನ್ನ ಮೊಪೆಡ್ಡನ್ನು ಸೈಕಲ್ಲಿನವರಿಗೆ ದಾರಿ ಬಿಟ್ಟುಕೊಟ್ಟೇ ಓಡಿಸುವವನು. ಒಂದೇ ತಾಯಿಯ ಹೊಟ್ಟೆಯಲ್ಲಿ ಇಬ್ಬರೂ ಹೇಗೆ ಹುಟ್ಟಿದೆವೋ!

ಹೋದ ವರ್ಷ ಅಲ್ಲಿನ ದೊಡ್ಡ ತಿರುವಿನಲ್ಲಿ ಕಾರಿನ ಹಿಂಭಾಗ ಹಗುರಾಗಿ, ಗಿರಕಿ ಹೊಡೆದು ಹುಲ್ಲಿನೊಳಗೆ ಹೋಗಿ ನಿಂತಿತು. ದೇವರು ದೊಡ್ಡವನು, ಅವಳಿಗೊಂದು ಗೀರೂ ಆಗಲಿಲ್ಲ. ಆದರೆ ಮನೆಗೆ ಬಂದವಳು ಮೊದಲಿನ ಮಮತಾಜ ಆಗಿರಲಿಲ್ಲ. ಊಟಕ್ಕೆ ಕುಳಿತಾಗಲೂ ತಟ್ಟೆಯ ಅಂಚಿನ ಮೇಲೆ ಬೆರಳಿನಿಂದ ಆ ತಿರುವನ್ನೇ ತಿರುಗುತ್ತಿದ್ದಳು. ‘ಅಲ್ಲಿ ಒಮ್ಮೆರೆ ಬ್ರೇಕ್ ಮುಟ್ಟದ ಹೊಳ್ಳಬೇಕಣ್ಣಾ. ಬರೂ ವರ್ಷಾನೂ ಆಗಲಿಲ್ಲಂದ್ರ ಮುಗೀತು, ಇನ್ನ ನಾ ಹೋಗಾಂಗಿಲ್ಲ’ ಎಂದಳು. ರೇಸು ಬೇಡವೆಂದು ವರ್ಷಗಟ್ಟಲೆ ಗೊಣಗಿದವನು ನಾನೇ. ಆದರೂ ಆ ಮಾತು ಕೇಳಿ, ‘ಹೋಗದ ಏನ ಮಾಡ್ತಿ? ಕಾರಿಗೆ ಏನ ಬೇಕು ಹೇಳು’ ಎಂದೆ.

ಜೋರಾಗಿ ಹೋಗುವಾಗ ಗಾಳಿಯೇ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದಂತೆ. ಅದನ್ನು ಒತ್ತಿ ಹಿಡಿಯಲು ಹಿಂದೊಂದು ರೆಕ್ಕೆ ಬೇಕಂತೆ. ಗಾಳಿ ನನ್ನ ಹಳೆಯ ವೈರಿ ತಾನೇ? ‘ರೊಕ್ಕಾ ಕೊಟ್ಟು ಯಾಕ ತರಸ್ತಿ? ನಾ ಸತ್ತೀನೇನು?’ ಎಂದು ಎದ್ದೆ. ಪ್ಲೈವುಡ್ ಕೊಯ್ದೆ, ಮೇಲೆ ಒಳ್ಳೆಯ ಫೋಮ್ ಕೂರಿಸಿದೆ, ಅದರ ಮೇಲೆ ಕಡುಗೆಂಪು ರೆಕ್ಸಿನ್ ಎಳೆದು ನಡುನಡುವೆ ಗುಂಡಿ ಹಾಕಿ ಹೊಲಿದೆ. ನೋಡಿದರೆ ತಲೆಯಿಟ್ಟು ಮಲಗಬೇಕು, ಹಾಗಿತ್ತು. ನನ್ನ ಹೆಂಡತಿ ಹಸೀನಾ ಚಹಾ ತಂದವಳು ಅದನ್ನು ನೋಡಿ, ‘ಕಾರಿಗೆ ಒರಗೂ ಲೋಡು ಹೊಲಿದೀರೇನು?’ ಎಂದಳು. ತಂಗಿ ಮಾತ್ರ ನಗಲಿಲ್ಲ. ಸುತ್ತಲೂ ಕೈಯಾಡಿಸಿ, ‘ಹೊಲಿಗಿ ಭಾಳ ಚಂದ ಆಗೇತಣ್ಣಾ. ಆದ್ರ ಉಬ್ಬು ಕೆಳಗ ಬರಬೇಕು. ಮ್ಯಾಲೆ ಇದ್ರ ವಿಮಾನ. ನಮಗ ಹಾರೂದು ಬ್ಯಾಡ, ನೆಲಾ ಹಿಡಿಯೂದು ಬೇಕು’ ಎಂದು ಅದನ್ನು ತಿರುವಿ ಹಾಕಿ, ಹಿಂದಿನ ಗಾಜಿನ ಬುಡದಲ್ಲಿ ಬಿಗಿದಳು. ನನ್ನ ಗುಂಡಿಗಳೆಲ್ಲ ಕೆಳಮುಖವಾದವು.

ಇನ್ನು ಪರೀಕ್ಷೆ. ‘ಗಾಳಿ ಕಣ್ಣಿಗೆ ಕಾಣೂದಿಲ್ಲ, ದಾರ ಕಾಣತೈತಿ’ ಎಂದು ನನ್ನ ಅಂಗಡಿಯ ಕೆಂಪು, ಹಳದಿ, ಬಿಳಿ ದಾರದ ತುಣುಕುಗಳನ್ನು ಕಾರಿನ ಮೈತುಂಬ ಟೇಪಿನಿಂದ ಅಂಟಿಸಿದಳು. ಕಾರು ಓಡುವಾಗ ಯಾವ ದಾರ ನೇರ ಮಲಗುತ್ತದೆ, ಯಾವುದು ಒದ್ದಾಡುತ್ತದೆ ಎಂದು ನೋಡಿದರೆ ಗಾಳಿಯ ಹಾದಿ ತಿಳಿಯುತ್ತದೆ. ನೋಡುವ ಕೆಲಸ ನನ್ನದು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೆಳೆಯ ವೀರಪ್ಪನ ಬೈಕಿನ ಹಿಂದೆ ಕುಳಿತು, ಪಕ್ಕದಲ್ಲೇ ಓಡುವ ಕಾರನ್ನು ಮೊಬೈಲಿನಲ್ಲಿ ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಖಾಲಿಯಿದ್ದ ಮುಂಡರಗಿ ರಸ್ತೆಯಲ್ಲಿ ಹೊರಟೆವು. ಮಮತಾಜ ವೇಗ ಏರಿಸಿದಳು, ವೀರಪ್ಪನೂ ಏರಿಸಿದ, ನಾನು ಕಣ್ಣು ಮುಚ್ಚಿದೆ. ಡಂಬಳದಲ್ಲಿ ಚಹಾಕ್ಕೆ ನಿಂತು ನೋಡಿದರೆ ಮೊಬೈಲಿನಲ್ಲಿ ಇದ್ದದ್ದು ಆಕಾಶ ಮತ್ತು ವೀರಪ್ಪನ ಎಡಗಿವಿ.

ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಕಾರನ್ನು ಒಂದು ಸುತ್ತು ಬಂದು, ‘ಯಾವ ದರ್ಗಾಕ್ಕ ಹೊಂಟೀರಿ ತಮ್ಮಾ? ಹರಕಿ ಭಾಳ ಇದ್ದಂಗ ಐತಿ’ ಎಂದಳು. ನನಗೆ ವಿಜ್ಞಾನ ಹೇಳುವ ಹುಮ್ಮಸ್ಸು. ‘ಹರಕಿ ಅಲ್ಲಬೇ ಆಯಿ. ಈ ಕಾರಿಗೆ ಹಿಂದಿನಿಂದ ಗಾಳಿ...’

‘ಅಯ್ಯ ಶಿವನ! ಗಾಳಿ ಬಡದೈತೇನು?’

ಗಾಳಿ ಬಡಿಯುವುದೆಂದರೆ ನಮ್ಮ ಕಡೆ ದೆವ್ವ ಮೆಟ್ಟಿಕೊಳ್ಳುವುದು. ಹೋದ ವರ್ಷ ಗಿರಕಿ ಹೊಡೆದ ಕಥೆಯನ್ನು ವೀರಪ್ಪ ಬೇರೆ ಹೇಳಿಬಿಟ್ಟ. ಅಜ್ಜಿಗೆ ಅನುಮಾನವೇ ಉಳಿಯಲಿಲ್ಲ. ಚೀಲದಿಂದ ಒಂದು ಹಸಿರು ದಾರ ತೆಗೆದು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಸರಿಯಾಗಿ ನನ್ನ ರೆಕ್ಕೆಯ ಅಂಚಿಗೇ ಕಟ್ಟಲು ಹೋದಳು. ‘ಪರೀಕ್ಷಾ ಕೆಡತೈತಿ’ ಎಂದು ನಾನು ಅಡ್ಡ ಹೋದರೆ, ತಂಗಿ ನನ್ನ ತೋಳು ಹಿಡಿದು ಹಿಂದಕ್ಕೆಳೆದು, ‘ಕಟ್ಟಬೇ ಆಯಿ, ಚಲೋ ಆಗಲಿ’ ಎಂದು ತಲೆಬಾಗಿ ನಿಂತಳು. ಅಜ್ಜಿ ಎಲ್ಲರ ಅಂಗೈಗೆ ಒಂದೊಂದು ಚಿಟಿಕೆ ಸಕ್ಕರೆ ಹಾಕಿ, ‘ಇನ್ನ ಗಾಳಿ ಇದರ ಸನೇಕ ಬರೂದಿಲ್ಲ, ಹೋಗ್ರಿ’ ಎಂದಳು.

ಮುಂದಿನ ಓಟದಲ್ಲಿ ನಾನು ಕಣ್ಣು ತೆರೆದೇ ಇದ್ದೆ. ಸಕ್ಕರೆಯ ಮಹಿಮೆಯೋ, ತಂಗಿಯ ಬೈಗುಳದ್ದೋ. ಮುಂಡರಗಿಗೆ ಇತ್ತಲೇ ಬೇವಿನ ಮರದ ಕೆಳಗೆ ನಿಲ್ಲಿಸಿ ಮೂವರೂ ತಲೆ ಕೂಡಿಸಿ ಮೊಬೈಲು ನೋಡಿದೆವು. ಬಾನೆಟ್ಟಿನ, ಕಾರಿನ ಮೇಲ್ಮಾಡಿನ ದಾರಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಮಲಗಿದ್ದವು. ಹಿಂದಿನ ಗಾಜಿನ ಮೇಲಿನವು ದಿಕ್ಕು ತಪ್ಪಿ ಒದ್ದಾಡುತ್ತಿದ್ದವು. ನನ್ನ ರೆಕ್ಕೆಗೆ ಕಟ್ಟಿದ ಹಸಿರು ದಾರವೊಂದು ಮಾತ್ರ, ಹೊರಗೆ ಅಷ್ಟು ಗಾಳಿ ಹೊಡೆಯುತ್ತಿದ್ದರೂ, ಮಧ್ಯಾಹ್ನದ ಊಟ ಮಾಡಿ ಕುಳಿತವರಂತೆ ಸುಮ್ಮನೆ ಜೋತುಬಿದ್ದಿತ್ತು.

ಮಮತಾಜ ಅದನ್ನೇ ತಿರುಗಿ ತಿರುಗಿ ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡು, ‘ಆಯಿ ಹೇಳಿದ್ದು ಖರೇನ ಆತಲ್ಲಣ್ಣಾ! ಗಾಳಿ ಇದರ ಸನೇಕ ಬರವಲ್ಲದು!’ ಎಂದು ನಕ್ಕಳು. ಮಾಡಿನ ಮೇಲಿಂದ ಬಂದ ಗಾಳಿ ಅಲ್ಲಿಂದಲೇ ನೇರ ಹಾರಿಹೋಗುತ್ತಿತ್ತು. ನನ್ನ ರೆಕ್ಕೆ ಕೆಳಗೆ, ಗೋಡೆಯ ಮರೆಯಲ್ಲಿ ಕುಳಿತಂತೆ ಆರಾಮಾಗಿ ಕುಳಿತಿತ್ತು. ಅದನ್ನು ಮಾಡಿನ ಎತ್ತರಕ್ಕೆ ಏರಿಸಬೇಕು, ದಪ್ಪ ಇಳಿಸಬೇಕು ಎಂದಳು. ದಪ್ಪ ಎಂದರೆ ನನ್ನ ಫೋಮು, ನನ್ನ ರೆಕ್ಸಿನ್, ನನ್ನ ಗುಂಡಿ. ನನಗೆ ಸಿಟ್ಟು ಬಂತು. ಅಂಗಡಿಯ ಮುಂದೆ ಇಳಿದ ಮೇಲೆ ಅವಳು ಕತ್ತರಿಯನ್ನು ನನ್ನ ಕೈಗೇ ಕೊಟ್ಟು, ‘ನೀ ಹೊಲಿದದ್ದಣ್ಣಾ. ನಾ ಹರಿಯಾಂಗಿಲ್ಲ, ನೀನ ಬಿಚ್ಚು’ ಎಂದಳು. ಹೀಗೆ ಹೇಳಿದರೆ ಯಾವ ಅಣ್ಣ ಸಿಟ್ಟು ಹಿಡಿದುಕೊಂಡಿರುತ್ತಾನೆ? ಬಿಚ್ಚಿಕೊಟ್ಟೆ. ಮುರಿದ ಕಬ್ಬಿಣದ ಮಂಚವೊಂದರ ಕಾಲು ಕೊಯ್ಯಿಸಿ ರೆಕ್ಕೆಗೆ ಉದ್ದ ಕಾಲುಗಳನ್ನೂ ಮಾಡಿಸಿದೆ. ಅವಳು ಪ್ಲೈವುಡ್ಡನ್ನು ಉಜ್ಜಿ ಉಜ್ಜಿ ಹಪ್ಪಳದಂತೆ ನಯ ಮಾಡಿದಳು. ಮತ್ತೊಮ್ಮೆ ಓಡಿಸಿದಾಗ ಹಸಿರು ದಾರ ಹಿಂದಕ್ಕೆ ಸೆಟೆದು ನಿಂತಿತು. ಬಿಚ್ಚಿದ ಫೋಮು ಅವಳ ಸೀಟಿನಲ್ಲಿ ಬೆನ್ನಿಗೆ ಆಸರೆಯಾಯಿತು.

ಅವಳು ಟ್ರ್ಯಾಕಿಗೆ ಇಳಿಯುವ ದಿನ ನಾನು ಒಂದೇ ಗಾದಿಯನ್ನು ಎರಡು ಸಲ ಹೊಲಿದೆ. ಮಧ್ಯಾಹ್ನದ ಮೇಲೆ ಫೋನು ಬಂತು.

‘ಅಣ್ಣಾ, ಬ್ರೇಕ್ ಮುಟ್ಟಲಿಲ್ಲ.’

‘ಹಂಗಂದ್ರ?’

‘ಆ ತಿರುವಿನ್ಯಾಗಣ್ಣಾ! ಹಿಂದ ಅಲ್ಲಾಡಲಿಲ್ಲ, ನೆಲಾ ಕಚ್ಚಿಕೊಂಡು ಹೊಳ್ಳಿತು!’ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಂಬರು ಎಷ್ಟನೆಯದು ಎಂದು ಕೇಳಿದರೆ, ‘ನಂಬರ್ ಯಾರಿಗೆ ಬೇಕು ಬಿಡು’ ಎಂದಳು. ಕಾರು ತಪಾಸಣೆ ಮಾಡುವವರು ಹಸಿರು ದಾರ ಹಿಡಿದು ಇದೇನೆಂದು ಕೇಳಿದರಂತೆ. ಇವಳು ‘ಗಾಳಿ ನೋಡೂ ಮಾಪಕ’ ಎಂದಳಂತೆ, ಅವರು ತಲೆಯಾಡಿಸಿದರಂತೆ. ನನ್ನ ತಂಗಿ, ಈ ಹತ್ತಿಯ ಅಂಗಡಿಯಲ್ಲಿ ಆಡಿ ಬೆಳೆದವಳು, ಗಾಳಿಯನ್ನು ಕೆಲಸಕ್ಕೆ ಹಚ್ಚಿಬಿಟ್ಟಿದ್ದಳು! ಸಂತೋಷಕ್ಕೆ ಏನು ಮಾಡಬೇಕೋ ತೋಚದೆ ಪೇಡೆ ತರಿಸಿದೆ, ಅಂಗಡಿಯ ಫ್ಯಾನು ಹಾಕಿದೆ. ಸ್ವಲ್ಪ ಹೊತ್ತಿಗೇ ಖಾನಾವಳಿಯವರು ಸಾರಿನ ಪಾತ್ರೆ ಹಿಡಿದು ಬಂದರು. ಅವರಿಗೂ ಪೇಡೆ ಕೊಟ್ಟೆ.

ಊರಿಗೆ ಬಂದ ಮರುದಿನವೇ ರೆಕ್ಕೆ ಬಿಚ್ಚಿ ಎಲ್ ಬೋರ್ಡು ಕಟ್ಟಿದಳು. ಆ ದಿನ ನಾನು ಮೊಪೆಡ್ಡಿನ ಮೇಲೆ ಹೊಂಬಳ ರಸ್ತೆಯಲ್ಲಿ ಹೋಗುತ್ತಿದ್ದಾಗ ಮುಂದೆ ಅದೇ ಕಾರು. ಶಿರಹಟ್ಟಿಯ ಟೀಚರೊಬ್ಬರು ಸ್ಟೀರಿಂಗನ್ನು ಎರಡೂ ಕೈಯಿಂದ ಅಪ್ಪಿಕೊಂಡು ತೆವಳಿಸುತ್ತಿದ್ದರು. ಈಗ ಹೊರಗಿನ ಕನ್ನಡಿಗೆ ಕಟ್ಟಿದ್ದ ಹಸಿರು ದಾರ ಮತ್ತೆ ಅಲ್ಲಾಡದೆ ಜೋತುಬಿದ್ದಿತ್ತು. ನನಗೆ ಏನಾಯಿತೋ, ಹಾರ್ನ್ ಹೊಡೆದೆ, ಎಕ್ಸಲರೇಟರ್ ತಿರುವಿದೆ, ದಾಟಿಯೇಬಿಟ್ಟೆ! ಜೀವಮಾನದಲ್ಲಿ ಮೊದಲ ಸಲ ಇನ್ನೊಂದು ವಾಹನವನ್ನು ಹಿಂದೆ ಹಾಕಿದ್ದೆ, ಅದೂ ರೇಸ್ ಕಾರನ್ನು. ಬೆಟಗೇರಿಯಲ್ಲಿ ಈ ಸುದ್ದಿ ಗೊತ್ತಿಲ್ಲದ ಮನೆಯಿಲ್ಲ, ನಾನೇ ಹೇಳಿದ್ದೇನೆ. ದಾಟುವಾಗ ಕಿಟಕಿಯಿಂದ ತಂಗಿ ತಲೆ ಹೊರಗೆ ಹಾಕಿ ಕೂಗಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ:

‘ನಿಧಾನ ಅಣ್ಣಾ, ನಿಧಾನ!’